ದೆವ್ವಕ್ಕೆ ಎಷ್ಟು ವಯಸ್ಸು?

ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ, ಸುತ್ತಲ ಊರುಗಳಲ್ಲಿ ಚಿಕ್ಕವರಾಗಿದ್ದವರಿಗೆ ‘ನಾಳೆ ಬಾ’ ಎಂಬ ಎರಡು ಪದ ಸಾಕು, ಉಳಿದದ್ದನ್ನು ಅವರೇ ಹೇಳುತ್ತಾರೆ. ರಾತ್ರಿ ಒಂದು ಹೆಣ್ಣು ದೆವ್ವ ಬೀದಿಗೆ ಬರುತ್ತದಂತೆ, ಮನೆಯವರದ್ದೇ ದನಿಯಲ್ಲಿ ಹೆಸರು ಹಿಡಿದು ಕೂಗುತ್ತದಂತೆ, ಓಗೊಟ್ಟರೆ ಮುಗಿಯಿತಂತೆ. ಅದಕ್ಕೇ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಆ ಎರಡು ಪದ. ದೆವ್ವ ಅದನ್ನು ಓದುತ್ತದೆ, ಆಗಲಿ ಎಂದು ಹೊರಟುಹೋಗುತ್ತದೆ. ಮರುದಿನ ಬಂದರೆ ಮತ್ತೆ ಅದೇ ಬರಹ. ನಮ್ಮ ಮನೆ ಬಾಗಿಲಿಗೆ ಬರೆದವಳು ನಾನೇ. ಅಕ್ಷರ ದುಂಡಗಿರಬೇಕು, ಇಲ್ಲದಿದ್ದರೆ ಅದಕ್ಕೆ ಓದಲು ಬಾರದು ಎಂದು ಅಣ್ಣ ಪಕ್ಕದಲ್ಲಿ ನಿಂತು ಹೆದರಿಸುತ್ತಿದ್ದ.

ಈಚೆಗೆ ಅವನ ಮಗಳಿಗೆ ಈ ಕಥೆ ಹೇಳಿದೆ. ಹತ್ತು ವರ್ಷದವಳು. ಹೆದರಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅತ್ತೆ, ಅದಕ್ಕೆ ವಯಸ್ಸೆಷ್ಟು?” ಅಂದಳು. ನನಗೆ ಅರ್ಥವಾಗಲಿಲ್ಲ. “ಅಲ್ಲ, ದಿನಾ ನಾಳೆ ನಾಳೆ ಅಂತ ವಾಪಸ್ ಹೋಗ್ತಿದ್ರೆ ಅದಕ್ಕೆ ನಾಳೆ ಬರೋದೇ ಇಲ್ಲ ಅಲ್ವಾ? ಹಾಗಾದ್ರೆ ಅದಕ್ಕೆ ವಯಸ್ಸೇ ಆಗಲ್ಲ.”

ದೊಡ್ಡವರು ಯಾರೂ ಇದನ್ನು ಕೇಳಿದ್ದು ನಾನು ಕಂಡಿಲ್ಲ. ದೊಡ್ಡವರ ದೆವ್ವದ ಕಥೆಯಲ್ಲಿ ಪ್ರಶ್ನೆ ಬೇರೆ: ಅದಕ್ಕೇನು ಬೇಕು? ಸೇಡೋ, ತೀರದ ಆಸೆಯೋ, ಹೂತಿಟ್ಟ ಒಡವೆಯೋ? ಮಕ್ಕಳಿಗಾಗಿ ಬರೆದ ಒಳ್ಳೆಯ ದೆವ್ವದ ಪುಸ್ತಕಗಳನ್ನು ತೆಗೆದರೆ ಅಲ್ಲಿ ಸುತ್ತಿ ಸುತ್ತಿ ಬರುವುದು ಈ ಹುಡುಗಿಯ ಪ್ರಶ್ನೆಯೇ. ಯಾರ ಗಡಿಯಾರ ನಡೆಯುತ್ತಿದೆ, ಯಾರದು ನಿಂತಿದೆ? ಅದಕ್ಕೇ ಆ ಪುಸ್ತಕಗಳಲ್ಲಿ ದೆವ್ವವನ್ನೂ ಕಾಲಯಾನವನ್ನೂ ಬೇರೆ ಬೇರೆ ಡಬ್ಬಿಗೆ ಹಾಕಲು ಹೋದರೆ ಕೈ ಸೋಲುತ್ತದೆ.

ಈ ಮಾತಿಗೆ ನನಗೆ ಸಿಕ್ಕ ಅತ್ಯುತ್ತಮ ಸಾಕ್ಷಿ ಫಿಲಿಪಾ ಪಿಯರ್ಸ್ ಬರೆದ ‘ಟಾಮ್ಸ್ ಮಿಡ್‌ನೈಟ್ ಗಾರ್ಡನ್’. ಇಂಗ್ಲೆಂಡಿನಲ್ಲಿ 1958ರಲ್ಲಿ ಬಂದ ಕಾದಂಬರಿ. ಆ ದೇಶದಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡುವ ದೊಡ್ಡ ಗೌರವವಾದ ಕಾರ್ನೆಗಿ ಪದಕ ಅದಕ್ಕೆ ಸಂದಿತು. ಕಥೆ ಶುರುವಾಗುವುದು ದಡಾರದಿಂದ. ತಮ್ಮನಿಗೆ ದಡಾರ ಬಂದಿದೆ ಎಂದು ಟಾಮ್‌ನನ್ನು ಚಿಕ್ಕಮ್ಮನ ಮನೆಗೆ ಸಾಗಹಾಕುತ್ತಾರೆ. ಅದು ಒಂದು ಕಾಲದ ದೊಡ್ಡ ಮನೆ. ಈಗ ಒಡೆದು ಒಡೆದು ಬಾಡಿಗೆಗೆ ಕೊಟ್ಟು ವಠಾರದಂತಾಗಿದೆ. ತೋಟವಿಲ್ಲ, ಹಿತ್ತಿಲ ಕಡೆ ಕಸದ ಡಬ್ಬಿಗಳಿವೆ. ನಡುಮನೆಯಲ್ಲಿ ಆಳೆತ್ತರದ ಹಳೇ ಗಡಿಯಾರ. ಮೇಲ್ಮಹಡಿಯ ಮುದುಕಿ, ಮನೆಯ ಮಾಲೀಕಳು, ಇಳಿದು ಬಂದು ಕೀ ಕೊಟ್ಟು ಹೋಗುತ್ತಾಳೆ. ಒಂದು ರಾತ್ರಿ ಅದು ಹದಿಮೂರು ಹೊಡೆಯುತ್ತದೆ. ಟಾಮ್ ಎದ್ದು ಹೋಗಿ ಹಿತ್ತಿಲ ಬಾಗಿಲು ತೆಗೆದರೆ ಕಸದ ಡಬ್ಬಿಗಳ ಜಾಗದಲ್ಲಿ ಹುಲ್ಲುಹಾಸು, ಹೂವಿನ ಪಾತಿ, ಮುಗಿಲೆತ್ತರದ ಮರಗಳು.

ಆ ತೋಟದಲ್ಲಿ ಹ್ಯಾಟಿ ಎಂಬ ಅನಾಥ ಹುಡುಗಿ ಇದ್ದಾಳೆ. ಉಟ್ಟ ಬಟ್ಟೆ ನೋಡಿದರೆ ವಿಕ್ಟೋರಿಯಾ ರಾಣಿಯ ಕಾಲ. ಟಾಮ್ ಅವಳಿಗೂ ತೋಟದ ಮಾಲಿಗೂ ಬಿಟ್ಟು ಬೇರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮುಚ್ಚಿದ ಬಾಗಿಲನ್ನು ಹಾದು ಹೋಗಬಲ್ಲ. ಒಂದು ದಿನ ಇಬ್ಬರಿಗೂ ಜಗಳ. ನೀನು ಯಾವತ್ತೋ ಸತ್ತವಳು, ದೆವ್ವ, ಎಂದು ಅವನು. ಸತ್ತಿರುವುದು ನೀನು, ನನ್ನ ಕೈ ನಿನ್ನ ಮೈಯೊಳಗೆ ಹಾದುಹೋಗುತ್ತದಲ್ಲ, ಎಂದು ಅವಳು. ಕೊನೆಗೆ ಹುಡುಗಿ ಅಳಲು ಶುರುಮಾಡುತ್ತಾಳೆ. ನಾನು ಓದಿದ ದೆವ್ವದ ಕಥೆಗಳಲ್ಲೆಲ್ಲ ಮೈ ಜುಂ ಎನಿಸಿದ್ದು ಈ ಬೆಳಗಿನ ಹೊತ್ತಿನ ಜಗಳ. ಕತ್ತಲಿಲ್ಲ, ರಕ್ತವಿಲ್ಲ. ಇಬ್ಬರು ಮಕ್ಕಳು ಒಬ್ಬರನ್ನೊಬ್ಬರು ಸತ್ತವರು ಅನ್ನುತ್ತಿದ್ದಾರೆ. ಇಬ್ಬರ ವಾದವೂ ಸರಿಯಾಗಿಯೇ ಇದೆ.

ಟಾಮ್‌ಗೆ ಪ್ರತಿ ರಾತ್ರಿಯೂ ಒಂದರ ಹಿಂದೆ ಒಂದು. ಹ್ಯಾಟಿಯ ಕಡೆ ಮಾತ್ರ ಕಾಲ ನೆಗೆದು ನೆಗೆದು ಸಾಗುತ್ತದೆ, ಅವಳು ಬೆಳೆಯುತ್ತಾಳೆ. ಪುಟ್ಟ ಹುಡುಗಿ ಕಣ್ಣೆದುರೇ ಹದಿಹರೆಯಕ್ಕೆ ಬರುತ್ತಾಳೆ, ಹುಡುಗ ಅಷ್ಟೇ ಇರುತ್ತಾನೆ. ಚಳಿಗಾಲದಲ್ಲಿ ನದಿ ಗಟ್ಟಿಯಾದಾಗ ಅವಳು ಸ್ಕೇಟ್ಸ್ ಕಟ್ಟಿಕೊಂಡು ಜಾರುವುದನ್ನು ಕಂಡು ಟಾಮ್‌ಗೂ ಆಸೆ. ಅವನು ಒಂದು ಉಪಾಯ ಹೂಡುತ್ತಾನೆ: ನಿನಗೆ ಬೇಡವಾದಾಗ ಸ್ಕೇಟ್ಸನ್ನು ಕೋಣೆಯ ಬೀರುವಿನ ಕೆಳಗೆ, ನೆಲದ ಹಲಗೆಯಡಿ ಇಟ್ಟುಬಿಡು. ತನ್ನ ಕಾಲಕ್ಕೆ ಮರಳಿ ಹಲಗೆ ಎಬ್ಬಿಸಿ ನೋಡುತ್ತಾನೆ. ಚೀಟಿಯ ಸಮೇತ ಇವೆ. ಅವನ್ನು ಎತ್ತಿಕೊಂಡು ಮತ್ತೆ ತೋಟಕ್ಕೆ ಹೋಗುತ್ತಾನೆ. ಇಬ್ಬರೂ ಹೆಪ್ಪುಗಟ್ಟಿದ ನದಿಯ ಮೇಲೆ ಈಲಿ ಊರಿನ ಕಡೆಗೆ ಜಾರುತ್ತಾರೆ, ಇಬ್ಬರ ಕಾಲಲ್ಲೂ ಇರುವುದು ಒಂದೇ ಜೊತೆ ಸ್ಕೇಟ್ಸ್. ಅವಳದು ಹೊಸತು, ಅವನದು ಹಳತು, ಅಷ್ಟೇ. ಕಾಲಯಾನದ ಬಗ್ಗೆ ಭೌತವಿಜ್ಞಾನದ ಮೇಷ್ಟ್ರು ಒಂದು ಪೀರಿಯಡ್ ಪೂರ್ತಿ ಬೋರ್ಡಿನ ಮೇಲೆ ಗೀಚಿದರೂ ಇಷ್ಟು ಸ್ಪಷ್ಟವಾಗಲಿಕ್ಕಿಲ್ಲ.

ಪಿಯರ್ಸ್ ಹುಟ್ಟಿದ್ದು 1920ರಲ್ಲಿ. ಅಪ್ಪ ಹಿಟ್ಟಿನ ಗಿರಣಿಯವರು. ಕೇಂಬ್ರಿಡ್ಜ್ ಪಕ್ಕದ ಗ್ರೇಟ್ ಶೆಲ್ಫರ್ಡ್ ಎಂಬ ಹಳ್ಳಿಯಲ್ಲಿ, ನದಿಯ ದಂಡೆಗೆ ಅಂಟಿಕೊಂಡ ಮನೆ, ಗೋಡೆ ಕಟ್ಟಿದ ತೋಟ. ಮೂವತ್ತರ ಆಸುಪಾಸಿನಲ್ಲಿ ಕ್ಷಯ ತಗುಲಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಆ ಬೇಸಿಗೆಯ ನದಿ ಕೈತಪ್ಪಿಹೋಯಿತು ಎಂಬ ಸಂಕಟದಲ್ಲಿ ಮನಸ್ಸಿನಲ್ಲೇ ದೋಣಿ ನಡೆಸುತ್ತಿದ್ದರು. ಮೊದಲ ಕಾದಂಬರಿ ಅಲ್ಲಿಂದ ಬಂತು. ಎರಡನೆಯದಾದ ಟಾಮ್‌ನ ಕಥೆಗೆ ಕಾರಣವಾದದ್ದು ಅಪ್ಪ ಆ ಮನೆ ಮಾರಲು ಹೊರಟದ್ದು. ಮನೆ ಮಾರಿದ ನಂತರವೂ ಹಿತ್ತಿಲು ತಲೆಯೊಳಗೆ ಉಳಿದುಬಿಡುವುದು ಹಳ್ಳಿ ಬಿಟ್ಟು ಬಂದ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ನಮ್ಮವರು ಅದನ್ನು ಪ್ರಬಂಧ ಮಾಡಿದರು, ಆಕೆ ದೆವ್ವದ ಕಥೆ ಮಾಡಿದರು.

ಮಕ್ಕಳನ್ನು ಕಾಲದಲ್ಲಿ ಹಿಂದಕ್ಕೆ ಕಳಿಸುವ ಆಟ ಅದಕ್ಕೂ ಐವತ್ತು ವರ್ಷ ಹಳೆಯದು. ಎಚ್. ಜಿ. ವೆಲ್ಸ್ ‘ದಿ ಟೈಮ್ ಮಷೀನ್’ ಬರೆದದ್ದು 1895ರಲ್ಲಿ. ಅವರ ಸ್ನೇಹಿತೆ ಇ. ನೆಸ್ಬಿಟ್ 1906ರ ‘ದಿ ಸ್ಟೋರಿ ಆಫ್ ದಿ ಅಮ್ಯುಲೆಟ್’ನಲ್ಲಿ ನಾಲ್ವರು ಮಕ್ಕಳ ಕೈಗೆ ಒಂದು ತಾಯಿತ ಕೊಟ್ಟು ಈಜಿಪ್ಟು, ಬ್ಯಾಬಿಲೋನು ಎಂದು ಓಡಾಡಿಸಿದರು. ಹಳೇ ಕಾಲದ ವಿವರಗಳಿಗೆ ಬ್ರಿಟಿಷ್ ಮ್ಯೂಸಿಯಮ್ಮಿನ ವಾಲಿಸ್ ಬಜ್ ನೆರವಾದರು. ಪುಸ್ತಕ ಅವರಿಗೇ ಅರ್ಪಣೆ. ತಮಾಷೆಯೆಂದರೆ, ಕಥೆಯಲ್ಲಿ ಬ್ಯಾಬಿಲೋನಿನ ರಾಣಿ ಲಂಡನ್ನಿಗೆ ಬಂದು ಅದೇ ಮ್ಯೂಸಿಯಮ್ಮಿಗೆ ನುಗ್ಗುತ್ತಾಳೆ, ಗಾಜಿನ ಪೆಟ್ಟಿಗೆಯೊಳಗೆ ತನ್ನ ಒಡವೆಗಳನ್ನು ಕಂಡು ಕೊಡಿ ನನ್ನದು ಎಂದು ಗಲಾಟೆ ಮಾಡುತ್ತಾಳೆ. ನೂರಕ್ಕೂ ಹೆಚ್ಚು ವರ್ಷಗಳ ನಂತರವೂ ಹಲವು ದೇಶಗಳು ಆ ಮ್ಯೂಸಿಯಮ್ಮಿನ ಬಾಗಿಲಲ್ಲಿ ನಿಂತು ಅದನ್ನೇ ಕೇಳುತ್ತಿವೆ. ಅದೇ ಮಕ್ಕಳು ಒಮ್ಮೆ ಭವಿಷ್ಯಕ್ಕೂ ಹೋಗುತ್ತಾರೆ. ಅಲ್ಲೊಬ್ಬ ಹುಡುಗ ಅಳುತ್ತಿದ್ದಾನೆ, ತಪ್ಪು ಮಾಡಿದ್ದಕ್ಕೆ ಒಂದು ದಿನ ಶಾಲೆಗೆ ಬರಬೇಡ ಎಂದು ಶಿಕ್ಷೆ ಕೊಟ್ಟಿದ್ದಾರಂತೆ. ಅವನ ಹೆಸರು ವೆಲ್ಸ್. ಸ್ನೇಹಿತನಿಗೆ ಹೊಡೆದ ಸಲಾಮು.

ನಮ್ಮಲ್ಲಿ ಇದಕ್ಕಿಂತ ಹಳೆಯದು ಇಲ್ಲವೇ ಎಂದರೆ ಇದೆ, ಪುರಾಣದಲ್ಲಿದೆ. ರೈವತ ರಾಜ ಮಗಳು ರೇವತಿಗೆ ವರ ಯಾರು ಎಂದು ಕೇಳಲು ಅವಳನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಹಾಹಾ ಹೂಹೂ ಎಂಬ ಗಂಧರ್ವರ ಸಂಗೀತ ನಡೆದಿತ್ತು. ಮುಗಿಯಲಿ ಎಂದು ಕಾದ. ಕಚೇರಿ ಮುಗಿದು ತನ್ನ ಮನಸ್ಸಿನಲ್ಲಿದ್ದ ವರಗಳ ಹೆಸರು ಹೇಳಿದರೆ ಬ್ರಹ್ಮ ನಕ್ಕ. ಭೂಮಿಯ ಮೇಲೆ ಅಷ್ಟರಲ್ಲಿ ಇಪ್ಪತ್ತೇಳು ಚತುರ್ಯುಗ ಕಳೆದಿದ್ದವು. ಆ ವರಗಳ ಮೊಮ್ಮಕ್ಕಳ ಮಕ್ಕಳೂ ಉಳಿದಿರಲಿಲ್ಲ. ಇಳಿದು ಬಂದರೆ ಮನುಷ್ಯರೆಲ್ಲ ಕುಳ್ಳಗಾಗಿದ್ದಾರೆ. ರೇವತಿ ಮಾತ್ರ ಹಳೇ ಯುಗದ ಎತ್ತರದಲ್ಲೇ ನಿಂತಿದ್ದಾಳೆ. ಮದುವೆಯಾದ ಬಲರಾಮ ನೇಗಿಲ ತುದಿಯಿಂದ ಅವಳನ್ನು ತನ್ನ ಅಳತೆಗೆ ತಗ್ಗಿಸಿಕೊಂಡ ಎನ್ನುತ್ತದೆ ವಿಷ್ಣುಪುರಾಣ. ನನ್ನ ಸೊಸೆಗೆ ಈ ಕಥೆ ಹಿಡಿಸಿತು, ನೇಗಿಲು ಹಿಡಿಸಲಿಲ್ಲ. “ಅವನೇ ಸ್ಟೂಲ್ ಹಾಕ್ಕೊಂಡು ನಿಂತ್ಕೋಬಹುದಿತ್ತು” ಅಂದಳು.

ಪೆನೆಲೊಪ್ ಫಾರ್ಮರ್ 1969ರಲ್ಲಿ ಬರೆದ ‘ಷಾರ್ಲೆಟ್ ಸಮ್‌ಟೈಮ್ಸ್’ನಲ್ಲಿ ಬಾಗಿಲೂ ಇಲ್ಲ, ತಾಯಿತವೂ ಇಲ್ಲ. ಕಬ್ಬಿಣದ ಒಂದು ಮಂಚ ಇದೆ. ಷಾರ್ಲೆಟ್ ಹಾಸ್ಟೆಲ್ ಶಾಲೆಗೆ ಹೊಸದಾಗಿ ಸೇರಿ ಮೊದಲ ರಾತ್ರಿ ಆ ಮಂಚದಲ್ಲಿ ಮಲಗುತ್ತಾಳೆ. ಎದ್ದಾಗ ಕಿಟಕಿಯಾಚೆ 1918, ಮಹಾಯುದ್ಧದ ಕೊನೆಯ ತಿಂಗಳುಗಳು. ಎಲ್ಲರೂ ಅವಳನ್ನು ಕ್ಲೇರ್ ಎನ್ನುತ್ತಾರೆ. ಇತ್ತ ಕ್ಲೇರ್ ಇವಳ ಕಾಲದಲ್ಲಿ ಎದ್ದು ಕುಳಿತಿದ್ದಾಳೆ. ದಿನ ಬಿಟ್ಟು ದಿನ ಅದಲುಬದಲು. ಇಬ್ಬರೂ ಒಮ್ಮೆಯೂ ಮುಖಾಮುಖಿ ಆಗುವುದಿಲ್ಲ, ಡೈರಿಯಲ್ಲಿ ಬರೆದಿಟ್ಟು ಮಾತಾಡಿಕೊಳ್ಳುತ್ತಾರೆ. ಹೆಸರು ಬೇರೆ ಆದರೂ ಯಾರಿಗೂ ವ್ಯತ್ಯಾಸವೇ ಕಾಣುವುದಿಲ್ಲವಲ್ಲ, ಹಾಗಾದರೆ ನಾನು ಅಂದರೆ ಯಾರು ಎಂಬ ಹೆದರಿಕೆ ಆ ಹುಡುಗಿಯನ್ನು ಮೆಲ್ಲಗೆ ಹಿಡಿಯುತ್ತದೆ. ಹಾಸ್ಟೆಲ್ಲಿನಲ್ಲಿದ್ದು ಓದಿದವರಿಗೆ ಈ ಹೆದರಿಕೆಗೆ ದೆವ್ವವೇ ಬೇಕಾಗಿಲ್ಲ. ಕೊನೆಗೆ ಷಾರ್ಲೆಟ್ ತನ್ನ ಕಾಲಕ್ಕೆ ಬಂದು ಸೇರಿದ ಮೇಲೆ ತಿಳಿಯುತ್ತದೆ: ಕ್ಲೇರ್ ಆ ವರ್ಷದ ಇನ್‌ಫ್ಲುಯೆಂಜಾಕ್ಕೆ ತೀರಿಹೋದಳು. ಅವಳ ಪುಟ್ಟ ತಂಗಿ ಎಮಿಲಿ, ನಿನ್ನೆ ಮೊನ್ನೆ ಷಾರ್ಲೆಟ್‌ಳ ಕೈಹಿಡಿದು ನಡೆದವಳು, ಈಗ ಸಹಪಾಠಿಯೊಬ್ಬಳ ಅಮ್ಮ. ಸತ್ತವಳಿಗೆ ವಯಸ್ಸು ನಿಂತಿತು, ಉಳಿದವಳಿಗೆ ಏರಿತು. ಕೋವಿಡ್ಡಿನ ನಂತರ ಈ ಪುಸ್ತಕವನ್ನು ಮತ್ತೆ ಓದಿದೆ. ಒಂದೇ ಸಾಲಿನಲ್ಲಿ ಮುಗಿಯುವ ಆ ಸಾವು ಮೊದಲ ಸಲ ಕಣ್ಣಿಗೆ ಬಿದ್ದಿರಲೇ ಇಲ್ಲವೇನೋ ಅನಿಸಿತು.

ಇಲ್ಲಿಯವರೆಗೆ ಸತ್ತವರನ್ನು ಈಚೆಯಿಂದ ನೋಡಿದ್ದಾಯಿತು. ಆಚೆಗೇ ಹೋಗುವ ಪುಸ್ತಕಗಳೂ ಇವೆ, ಅವುಗಳ ಮುಂದೆ ಅಪ್ಪ ಅಮ್ಮಂದಿರಿಗೆ ಕೈಕಾಲು ಆಡುವುದಿಲ್ಲ. ಸ್ವೀಡನ್ನಿನ ಆಸ್ಟ್ರಿಡ್ ಲಿಂಡ್‌ಗ್ರೆನ್ 1973ರಲ್ಲಿ ಬರೆದ ‘ಲಯನ್‌ಹಾರ್ಟ್ ಸಹೋದರರು’ ಶುರುವಾಗುವುದೇ ಸಾಯಲಿರುವ ಹುಡುಗನಿಂದ. ಕಾರ್ಲ್‌ಗೆ ಕಾಯಿಲೆ, ಹೆಚ್ಚು ದಿನವಿಲ್ಲ ಎಂದು ಅಮ್ಮ ಯಾರಿಗೋ ಹೇಳುವುದನ್ನು ಕೇಳಿಸಿಕೊಂಡಿದ್ದಾನೆ. ಅಣ್ಣ ಯೊನಾಥನ್ ಸತ್ತ ಮೇಲೆ ಹೋಗುವ ನಾಡಿನ ಕಥೆ ಹೇಳಿ ಅವನನ್ನು ಸಮಾಧಾನ ಮಾಡುತ್ತಾನೆ. ನಾಂಗಿಯಾಲ ಅದರ ಹೆಸರು. ಆಮೇಲೆ ಮನೆಗೆ ಬೆಂಕಿ. ತಮ್ಮನನ್ನು ಬೆನ್ನಿಗೆ ಹಾಕಿಕೊಂಡು ಮಹಡಿಯಿಂದ ಹಾರಿದ ಅಣ್ಣನೇ ಮೊದಲು ಸಾಯುತ್ತಾನೆ. ಎರಡು ತಿಂಗಳ ನಂತರ ತಮ್ಮ. ಆಚೆಯ ನಾಡಿನಲ್ಲಿ ಕಾರ್ಲ್‌ನ ಕಾಲು ನೆಟ್ಟಗಿದೆ, ಕೆಮ್ಮಿಲ್ಲ, ಕುದುರೆ ಹತ್ತುತ್ತಾನೆ. ಆದರೆ ಅಲ್ಲೂ ಸರ್ವಾಧಿಕಾರಿ ಇದ್ದಾನೆ, ಡ್ರ್ಯಾಗನ್ ಇದೆ, ಅಲ್ಲೂ ಸಾಯಬಹುದು. ಕೊನೆಯಲ್ಲಿ ಅಣ್ಣನ ಮೈ ಕಲ್ಲಾಗತೊಡಗಿದಾಗ ಈ ಸಲ ತಮ್ಮ ಅವನನ್ನು ಬೆನ್ನಿಗೆ ಹಾಕಿಕೊಂಡು ಕಮರಿಗೆ ಹಾರುತ್ತಾನೆ, ಇನ್ನೂ ಆಚೆಯ ಮತ್ತೊಂದು ನಾಡಿಗೆ.

ಇದು ಮಕ್ಕಳಿಗೆ ಆತ್ಮಹತ್ಯೆಯ ದಾರಿ ತೋರಿಸಿದ ಹಾಗಲ್ಲವೇ ಎಂದು ಸ್ವೀಡನ್ನಿನಲ್ಲಿ ದೊಡ್ಡ ತಕರಾರೇ ಎದ್ದಿತು. ಮಕ್ಕಳ ಲೆಕ್ಕದಲ್ಲಿ ಇದು ಸುಖಾಂತ ಎನ್ನುವುದು ಲಿಂಡ್‌ಗ್ರೆನ್ ನಿಲುವು. ನನಗೆ ಎರಡೂ ಕಡೆಯವರ ಮಾತು ಕೇಳಿಸುತ್ತದೆ. ತನ್ನೂರಾದ ವಿಮ್ಮರ್‌ಬಿಯ ಸ್ಮಶಾನದಲ್ಲಿ 1860ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡ ಇಬ್ಬರು ಅಣ್ಣತಮ್ಮಂದಿರ ಕಬ್ಬಿಣದ ಶಿಲುಬೆ ಕಂಡದ್ದು ಈ ಕಥೆಯ ಬೀಜಗಳಲ್ಲಿ ಒಂದು. ಒಂದೇ ಶಿಲುಬೆಯ ಕೆಳಗೆ ಇಬ್ಬರು ಹುಡುಗರನ್ನು ಮಲಗಿಸಿ ಸುಮ್ಮನೆ ಬರಲು ಆಕೆಗೆ ಆಗಲಿಲ್ಲ, ಅವರಿಗೊಂದು ಕುದುರೆ ಕೊಟ್ಟು ಬಂದರು. ಈ ಪುಸ್ತಕವನ್ನು ನಾನು ಇನ್ನೂ ಸೊಸೆಗೆ ಕೊಟ್ಟಿಲ್ಲ. ಅವಳಿಗೆ ಹೆದರಿ ಅಲ್ಲ, ಅವಳ ಅಪ್ಪನಿಗೆ ಹೆದರಿ.

ಜಪಾನಿನ ಕೆಂಜಿ ಮಿಯಾಜಾವಾ ಕಥೆ ಇನ್ನೂ ಮೌನದ್ದು. ಬೇಸಾಯದ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಪ್ರಾಣಕ್ಕೆ ಪ್ರಾಣವಾದ ತಂಗಿ 1922ರಲ್ಲಿ ತೀರಿಕೊಂಡಳು. ಆಕಾಶಗಂಗೆಯ ಗುಂಟ ಓಡುವ ರಾತ್ರಿ ರೈಲಿನ ಕಥೆಯನ್ನು ಅವರು ವರ್ಷಗಟ್ಟಲೆ ತಿದ್ದಿದರು, ಮುಗಿಸಲಿಲ್ಲ. 1933ರಲ್ಲಿ ತೀರಿಕೊಂಡ ಮರುವರ್ಷ ಅದು ಅಚ್ಚಾಯಿತು. ಬಡ ಹುಡುಗ ಜೊವಾನ್ನಿ ಆ ರೈಲಿನಲ್ಲಿ ಎಚ್ಚರಗೊಂಡಾಗ ಎದುರು ಸೀಟಿನಲ್ಲಿ ಗೆಳೆಯ ಕಂಪನೆಲ್ಲಾ ಕುಳಿತಿದ್ದಾನೆ, ಬಟ್ಟೆ ಒದ್ದೆ. ಹಿಮಗಡ್ಡೆಗೆ ಬಡಿದು ಮುಳುಗಿದ ಹಡಗಿನ ಪ್ರಯಾಣಿಕರು ನಡುವೆ ಹತ್ತಿ ಇಳಿಯುತ್ತಾರೆ. ಭೂಮಿಗೆ ಮರಳಿದರೆ ಹೊಳೆಯ ಬಳಿ ಜನ ಸೇರಿದ್ದಾರೆ. ನೀರಿಗೆ ಬಿದ್ದ ಇನ್ನೊಬ್ಬ ಹುಡುಗನನ್ನು ಉಳಿಸಲು ಹೋಗಿ ಕಂಪನೆಲ್ಲಾ ಮುಳುಗಿದ್ದಾನೆ. ದಂಡೆಯಲ್ಲಿ ಅವನ ಅಪ್ಪ ಕೈಯಲ್ಲಿ ಗಡಿಯಾರ ಹಿಡಿದು ನಿಂತಿದ್ದಾರೆ. ನಲವತ್ತೈದು ನಿಮಿಷ ಆಯಿತು, ಇನ್ನು ಆಸೆಯಿಲ್ಲ ಎನ್ನುತ್ತಾರೆ. ರೈಲಿನಲ್ಲಿ ಅದು ಇಡೀ ಆಕಾಶವನ್ನು ದಾಟುವಷ್ಟು ಉದ್ದವಾಗಿತ್ತು. ಅಪ್ಪನ ಗಡಿಯಾರದಲ್ಲಿ ಮುಕ್ಕಾಲು ಗಂಟೆ.

ಸಾವಿನ ಬಗ್ಗೆ ಮಕ್ಕಳೊಂದಿಗೆ ಮಾತಾಡಬಾರದು ಎನ್ನುವವರು ನಮ್ಮಲ್ಲಿ ಬಹಳ. ಆದರೆ ಯಮನ ಮನೆ ಬಾಗಿಲಿಗೇ ಹೋಗಿ ಕುಳಿತ ನಚಿಕೇತ ಹುಡುಗನೇ. ಯಮ ಊರಲ್ಲಿರಲಿಲ್ಲ, ಮೂರು ರಾತ್ರಿ ಊಟವಿಲ್ಲದೆ ಕಾದ. ಬಂದವನು ಕಾಯಿಸಿದ ತಪ್ಪಿಗೆ ಮೂರು ವರ ಕೊಟ್ಟ. ಮೂರನೆಯದಕ್ಕೆ ಹುಡುಗ ಸತ್ತ ಮೇಲೆ ಏನಿದೆ ಎಂದು ಕೇಳಿದಾಗ ಯಮನೂ ದನ ಕೊಡುತ್ತೇನೆ, ಆನೆ ಕೊಡುತ್ತೇನೆ, ಅದೊಂದು ಬಿಟ್ಟು ಬೇರೆ ಕೇಳು ಎಂದು ಚೌಕಾಸಿಗೆ ಇಳಿದ. ಮನೆಗಳಲ್ಲಿ ನಾವೂ ಅದನ್ನೇ ಮಾಡುತ್ತೇವೆ. ಆನೆಯ ಬದಲು ಮೊಬೈಲ್ ಕೊಡುತ್ತೇವೆ.

ಇನ್ನು ನಗಿಸುವ ದೆವ್ವಗಳು. ಈ ಕಲೆಯಲ್ಲಿ ಬಂಗಾಳಿಗಳನ್ನು ಮೀರಿಸಿದವರಿಲ್ಲ. ಉಪೇಂದ್ರಕಿಶೋರ್ ರಾಯ್‌ಚೌಧುರಿ 1915ರಲ್ಲಿ ತಮ್ಮ ‘ಸಂದೇಶ್’ ಪತ್ರಿಕೆಯಲ್ಲಿ ಬರೆದ ಗೂಪಿ–ಬಾಘಾ ಕಥೆಯಲ್ಲಿ ಬೇಸುರದ ಹಾಡುಗಾರನಿಗೂ ತಾಳತಪ್ಪಿದ ಡೋಲಿನವನಿಗೂ ಒಲಿದವು ದೆವ್ವಗಳೇ. ಮೊಮ್ಮಗ ಸತ್ಯಜಿತ್ ರಾಯ್ 1969ರಲ್ಲಿ ಅದನ್ನು ಸಿನಿಮಾ ಮಾಡಿ ದೆವ್ವಗಳನ್ನು ಕುಣಿಸಿದರು. ಶೀರ್ಷೇಂದು ಮುಖೋಪಾಧ್ಯಾಯರ ‘ಗೊಸಾಯಿಬಾಗಾನೇರ್ ಭೂತ್’ನಲ್ಲಿ ಬುರೂನ್ ಎಂಬ ಹುಡುಗನಿಗೆ ಗಣಿತದಲ್ಲಿ ಹದಿಮೂರು ಅಂಕ. ಮನೆಯಲ್ಲಿ ಎಲ್ಲರ ಮುಖವೂ ಗಂಟು. ಹಾಗೆ ಮಂಕಾದವನ ಮುಂದೆ ನಿಧಿರಾಮ ಎಂಬ ದೆವ್ವ ಬಂದು ಏನೆಲ್ಲ ಚೇಷ್ಟೆ ಮಾಡಿದರೂ ಹುಡುಗ ಹೆದರುವುದಿಲ್ಲ. ಪಾಪ, ದೆವ್ವದ ಮಾನವೇ ಹೋಗುತ್ತದೆ. ಹದಿಮೂರು ಬಂದವನಿಗೆ ದೆವ್ವ ಯಾವ ಲೆಕ್ಕ!

ಕನ್ನಡದ ಮಕ್ಕಳಿಗೆ ಬೇತಾಳ ಇದ್ದ. ಹನ್ನೊಂದನೆಯ ಶತಮಾನದ ಸೋಮದೇವನ ಕಥಾಸರಿತ್ಸಾಗರದಿಂದ ಇಳಿದು, ‘ಚಂದಮಾಮ’ ಕನ್ನಡಕ್ಕೆ ಬಂದ 1949ರ ನಂತರ ಮನೆಮನೆಯ ಹೆಣವಾದ. ಮೂಲದಲ್ಲಿ ಇದ್ದವು ಇಪ್ಪತ್ತೈದೇ ಕಥೆ. ಪತ್ರಿಕೆ ಅದನ್ನು ದಶಕಗಟ್ಟಲೆ ಎಳೆಯಿತು. ಪ್ರತಿ ತಿಂಗಳೂ ರಾಜ ತ್ರಿವಿಕ್ರಮ ಮರ ಹತ್ತಬೇಕು, ಹೆಣ ಹೆಗಲಿಗೇರಬೇಕು, ಉತ್ತರ ಹೇಳಿ ಮೌನ ಮುರಿಯಬೇಕು, ಹೆಣ ಮರಕ್ಕೆ ಹಾರಬೇಕು. ರಾಜನಿಗೆ ವಯಸ್ಸಾಗಲಿಲ್ಲ, ಓದುತ್ತಿದ್ದ ನಮಗೆ ಆಯಿತು. ‘ಛಲಬಿಡದ ತ್ರಿವಿಕ್ರಮ’ ಎಂಬುದು ಈಗ ಕನ್ನಡದ ನುಡಿಗಟ್ಟು, ಚುನಾವಣೆಗೆ ನಾಲ್ಕನೇ ಸಲ ನಿಂತವರಿಗೆಲ್ಲ ಪತ್ರಿಕೆಗಳು ಅಂಟಿಸುತ್ತವೆ.

ಬೇತಾಳನನ್ನು ಬಿಟ್ಟರೆ, ನಾನು ಓದಿ ಬೆಳೆದ ಎಷ್ಟೋ ಮಕ್ಕಳ ಕಥೆಗಳಲ್ಲಿ ದೆವ್ವ ಎಂದರೆ ಕೊನೆಯ ಪ್ಯಾರಾದಲ್ಲಿ ಒಣಹಾಕಿದ ಬಿಳಿ ಪಂಚೆ ಅಥವಾ ಗಾಳಿಗೆ ಅಲ್ಲಾಡುವ ಬಾಳೆ ಎಲೆ. ಧೈರ್ಯವಂತ ಹುಡುಗ ಟಾರ್ಚ್ ಹಿಡಿದು ಹೋಗಿ ನೋಡುತ್ತಾನೆ, ಮೂಢನಂಬಿಕೆ ಬಿಡಿ ಎನ್ನುತ್ತಾನೆ, ಊರವರು ಚಪ್ಪಾಳೆ ತಟ್ಟುತ್ತಾರೆ. ಬರೆದವರ ಉದ್ದೇಶ ಒಳ್ಳೆಯದೇ. ದೆವ್ವ ಬಿಡಿಸುತ್ತೇವೆಂದು ಬೇವಿನ ಬರಲಲ್ಲಿ ಹೊಡೆಯುವುದನ್ನು ಕಣ್ಣಾರೆ ಕಂಡವರು ಅವರು. ಆದರೆ ದೆವ್ವ ಇಲ್ಲ ಎಂದು ಹೇಳಿದ ಮಾತ್ರಕ್ಕೆ ತಾತ ಎಲ್ಲಿ ಹೋದರು ಎಂಬ ಪ್ರಶ್ನೆಗೆ ಉತ್ತರ ಕೊಟ್ಟ ಹಾಗಾಗುವುದಿಲ್ಲ. ಪಂಚೆ ಪಂಚೆಯೇ ಆಗಿರಲಿ. ಅದು ಯಾರ ಪಂಚೆ ಎಂದಾದರೂ ಕೇಳಬಹುದಿತ್ತು.

ನೀಲ್ ಗೇಮನ್ 2008ರ ‘ದಿ ಗ್ರೇವ್‌ಯಾರ್ಡ್ ಬುಕ್’ನಲ್ಲಿ ಅದನ್ನೇ ಕೇಳುತ್ತಾರೆ. ತಮ್ಮ ಪುಟ್ಟ ಮಗ ಮನೆಯೆದುರಿನ ಹಳೇ ಸ್ಮಶಾನದಲ್ಲಿ ಗೋರಿಗಳ ನಡುವೆ ಮೂರು ಚಕ್ರದ ಸೈಕಲ್ ತುಳಿಯುವುದನ್ನು ನೋಡಿದಾಗ ಹೊಳೆದ ಕಥೆ. ಬರೆಯಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಮಾದರಿ ಕಿಪ್ಲಿಂಗರ ‘ಜಂಗಲ್ ಬುಕ್’. ಮಧ್ಯಪ್ರದೇಶದ ಸಿವನಿ ಕಾಡಿನಲ್ಲಿ ಮೋಗ್ಲಿಯನ್ನು ತೋಳಗಳು ಸಾಕಿದವು, ಇಲ್ಲಿ ಬಾಡ್ ಎಂಬ ತಬ್ಬಲಿ ಮಗುವನ್ನು ಸತ್ತವರು ಸಾಕುತ್ತಾರೆ. ಹೊಸ ದೆವ್ವ ಬಂದಾಗಲೆಲ್ಲ ಕಥೆಗಾರ ಅವರ ಗೋರಿಯ ಮೇಲಿನ ಬರಹವನ್ನೂ ಒದಗಿಸುತ್ತಾನೆ. ದೆವ್ವಕ್ಕೆ ವಯಸ್ಸೆಷ್ಟು ಎಂದು ಕೇಳುವವರಿಗೆ ಕಲ್ಲೇ ಉತ್ತರ. ಬಾಡ್ ಚಿಕ್ಕವನಿದ್ದಾಗ ಅವನ ಜೊತೆ ಆಡುತ್ತಿದ್ದ ದೆವ್ವದ ಹುಡುಗರು ಹುಡುಗರಾಗಿಯೇ ಉಳಿಯುತ್ತಾರೆ. ಇವನು ಅವರನ್ನು ದಾಟಿ ಬೆಳೆಯುತ್ತಾನೆ, ಆಟ ನಿಲ್ಲುತ್ತದೆ. ಹದಿನೈದರ ಹೊತ್ತಿಗೆ ಅವನಿಗೆ ಸಾಕಿದವರೇ ಮಸುಕಾಗಿ ಕಾಣತೊಡಗುತ್ತಾರೆ. ಅಮೆರಿಕದ ನ್ಯೂಬೆರಿ, ಬ್ರಿಟನ್ನಿನ ಕಾರ್ನೆಗಿ ಎರಡೂ ಪದಕ ಪಡೆದ ಮೊದಲ ಪುಸ್ತಕ ಅದು.

ಹ್ಯಾರಿ ಪಾಟರ್ ಬಗ್ಗೆ ಒಂದು ಮಾತು, ಇಲ್ಲದಿದ್ದರೆ ಸೊಸೆ ಬಿಡುವುದಿಲ್ಲ. ಅರ್ಧ ತಲೆ ಕತ್ತರಿಸಿಕೊಂಡ ನಿಕ್ ಎಂಬ ದೆವ್ವ ಐದನೇ ಪುಸ್ತಕದಲ್ಲಿ ಒಪ್ಪಿಕೊಳ್ಳುತ್ತಾನೆ, ಸಾವಿಗೆ ಹೆದರಿ ಹಿಂದೆ ಉಳಿದೆ ಎಂದು. ಮೂರನೆಯದರಲ್ಲಿ ಕಾಲವನ್ನು ಹಿಂದೆ ತಿರುಗಿಸುವ ಪುಟ್ಟ ಯಂತ್ರ ತಂದ ರೌಲಿಂಗ್, ಅದೇ ಐದನೆಯದರಲ್ಲಿ ಆ ಯಂತ್ರಗಳಿದ್ದ ಬೀರುವನ್ನೇ ಕೆಡವಿಸಿ ಪುಡಿಮಾಡಿಸಿದರು. ಅದು ಕೈಯಲ್ಲಿದ್ದರೆ ಯಾರನ್ನೂ ಸಾಯಿಸುವ ಹಾಗಿಲ್ಲವಲ್ಲ!

ಟಾಮ್‌ನ ಕಥೆಯ ಕೊನೆ ಹೇಳಿಲ್ಲ. ಮನೆಗೆ ಮರಳುವ ಹಿಂದಿನ ರಾತ್ರಿ ಅವನು ಹಿತ್ತಿಲ ಬಾಗಿಲು ತೆಗೆದರೆ ತೋಟವಿಲ್ಲ, ಕಸದ ಡಬ್ಬಿಗಳು. ಹ್ಯಾಟಿ ಎಂದು ಕಿರುಚಿಕೊಳ್ಳುತ್ತಾನೆ, ಇಡೀ ಮನೆ ಎದ್ದು ಕೂರುತ್ತದೆ. ಬೆಳಿಗ್ಗೆ ಮಾಲೀಕಳ ಬಳಿ ಕ್ಷಮೆ ಕೇಳಲು ಮೇಲ್ಮಹಡಿಗೆ ಹೋದರೆ ಗೊತ್ತಾಗುತ್ತದೆ, ಆ ಮುದುಕಿಯೇ ಹ್ಯಾಟಿ. ರಾತ್ರಿ ರಾತ್ರಿ ಅವಳು ತನ್ನ ಬಾಲ್ಯವನ್ನು ಕನಸು ಕಾಣುತ್ತಿದ್ದಳು, ಕೆಳಗಿನ ಕೋಣೆಯ ಹುಡುಗ ಆ ಕನಸಿನೊಳಗೆ ನಡೆದು ಬರುತ್ತಿದ್ದ. ಹೊರಡುವಾಗ ಅವನು ಆ ಮುದುಕಿಯನ್ನು ತನಗಿಂತ ಚಿಕ್ಕವಳನ್ನು ಅಪ್ಪಿಕೊಳ್ಳುವ ಹಾಗೆ ಅಪ್ಪಿಕೊಳ್ಳುತ್ತಾನೆ.

ಇದನ್ನು ಸೊಸೆಗೆ ಓದಿ ಹೇಳುತ್ತಿದ್ದಾಗ ಅಮ್ಮ ಪಕ್ಕದ ದಿವಾನದ ಮೇಲೆ ಅವರೆಕಾಳು ಹಿಚುಕುತ್ತಾ ಕೂತಿದ್ದರು. ಎಪ್ಪತ್ತೆಂಟು ವರ್ಷ. ಅವರು ಹುಟ್ಟಿದ ಮನೆ ಮಾರಿ ನಲವತ್ತು ವರ್ಷವಾಯಿತು, ಈಗ ಅಲ್ಲಿ ಯಾರದೋ ಕಲ್ಯಾಣಮಂಟಪ ಇದೆ. ಕೇಳಿಸಿಕೊಂಡರೋ ಇಲ್ಲವೋ ಎಂದುಕೊಂಡಿದ್ದೆ.

“ಹಾಗಾದ್ರೆ,” ಅಂದರು ಕೈ ನಿಲ್ಲಿಸದೆ, “ನನ್ನ ಕನಸಿನ ಹಿತ್ತಲಿಗೂ ಯಾವುದಾದ್ರೂ ಹುಡುಗ ಬಂದಿರಬಹುದು ಅನ್ನು.”

“ಬಂದಿರಬಹುದು ಅಜ್ಜಿ,” ಅಂದಳು ಸೊಸೆ, ತುಂಬಾ ಗಂಭೀರವಾಗಿ. “ನಿಂಗೆ ಅಲ್ಲಿ ಎಷ್ಟು ವಯಸ್ಸು?”

“ಒಂಬತ್ತೋ ಹತ್ತೋ.” ಅಮ್ಮ ಸ್ವಲ್ಪ ಯೋಚಿಸಿದರು. “ಸಿಕ್ಕಿದ್ರೆ ಕೇಳೇ ಅವನ್ನ, ಬಾವಿ ಪಕ್ಕದ ಚಕ್ಕೋತದ ಮರದಲ್ಲಿ ಈ ಸಲ ಕಾಯಿ ಬಿಟ್ಟಿದೆಯಾ ಅಂತ.”